ಎಂಬತ್ತಾರು ನಿಮಿಷ

ಹಳೇ ಕಟ್ಟಡದ ಆಫೀಸು
ಗುರುವಾರ, ಮಾರ್ಚ್ ೫, ಮಧ್ಯಾಹ್ನ ಹನ್ನೆರಡು ಗಂಟೆ

ನನ್ನ ಮುದ್ದಿನ ಮುಂಗೋಪಿಗೆ,

ಅಮ್ಮನ ಆಶೀರ್ವಾದ. ಮಂಗಳವಾರ ನೀನು ಫೋನ್ ಕುಕ್ಕಿದ ಮೇಲೆ ನಾನು ಹನ್ನೊಂದು ಸಲ ಮಾಡಿದ್ದೇನೆ. ಹನ್ನೊಂದು ಸಲವೂ ಆ ಯಂತ್ರದ ಹೆಂಗಸು ಬಂದು, ನೀವು ಕರೆ ಮಾಡಿದವರು ಉತ್ತರಿಸುತ್ತಿಲ್ಲ ಅಂತ ನನಗೇ ಪಾಠ ಹೇಳಿದಳು. ಗೊತ್ತಮ್ಮಾ, ಹೆತ್ತವಳಿಗೆ ಗೊತ್ತಿರಲ್ವಾ, ಅಂತ ಅವಳಿಗೂ ಒಮ್ಮೆ ಹೇಳಿಬಿಟ್ಟೆ. ಪಕ್ಕದ ಮೇಜಿನ ಲಗೇಜು ಹುಡುಗಿ ನನ್ನನ್ನೇ ನೋಡಿ ನಕ್ಕಳು.

ಅದಕ್ಕೇ ಈ ಕಾಗದ. ನಮ್ಮ ವಿಮಾನ ಇವತ್ತು ಒಂದೂ ಐವತ್ತಕ್ಕೆ ಹೊರಡುತ್ತದೆ. ಇದನ್ನು ಕಂಪನಿಯ ಚೀಲಕ್ಕೆ ಹಾಕಿ ವಿಮಾನದೊಳಗಿನ ಸಿಬ್ಬಂದಿಯ ಹಿರಿಯ, ಆ ಪರ್ಸರ್ ಕೈಗೆ ಕೊಟ್ಟರೆ ನಾಳೆ ಬೆಳಿಗ್ಗೆ ಒಂಬತ್ತಕ್ಕೆ ನಿನ್ನ ಮೇಜಿನ ಮೇಲೆ. ಫೋನ್ ಎತ್ತದೆ ಇರಬಹುದು ನೀನು, ಆದರೆ ಚೀಲದ ಲಕೋಟೆಗೆ ಸಹಿ ಹಾಕಿ ತೆಗೆದುಕೊಳ್ಳಲೇಬೇಕು. ಇಪ್ಪತ್ತೇಳು ವರ್ಷದ ನೌಕರಿಯಲ್ಲಿ ಇಷ್ಟಾದರೂ ಕಲಿತಿದ್ದೇನೆ.

ನಿನಗೇನೂ ಅರ್ಥ ಆಗಲ್ಲ ಅಮ್ಮ, ಅಂದೆ ನೀನು. ಆ ಮಾತು ಇನ್ನೂ ಕಿವಿಯಲ್ಲಿದೆ. ಸರಿ, ನನಗೆ ಅರ್ಥವಾಗಿರುವುದನ್ನು ಬರೆಯುತ್ತೇನೆ. ನಿನ್ನ ವೇಳಾಪಟ್ಟಿ ವಿಭಾಗದ ಭಾಷೆ ನನಗೆ ಬರುವುದಿಲ್ಲ, ನನ್ನ ಭಾಷೆಯಲ್ಲೇ ಬರೆಯುತ್ತೇನೆ. ತಪ್ಪಿದ್ದರೆ ಕೆಂಪು ಶಾಯಿಯಲ್ಲಿ ಗುರುತು ಹಾಕಿಕೋ.

ನಮ್ಮದು ಚಿಕ್ಕ ಕಂಪನಿ. ದೂರ ಹಾರುವ ದೊಡ್ಡ ವಿಮಾನ ಇರುವುದೇ ಎರಡು. ದೂರದ ಹಾದಿ ಇರುವುದು ಒಂದೇ ಒಂದು: ನಿನ್ನ ಊರಿನಿಂದ ನಾನಿರುವ ಈ ಊರಿಗೆ, ಹನ್ನೊಂದು ಗಂಟೆ, ವಾರಕ್ಕೆ ನಾಲ್ಕು ಸಲ. ವಿಮಾನದಲ್ಲಿ ಇನ್ನೂರ ಅರವತ್ತು ಸೀಟು. ಈ ಊರಿಗೇ ಅಂತ ಬರುವವರು ನೂರೈವತ್ತು ಜನ ಆದರೆ ಹೆಚ್ಚು. ಉಳಿದ ನೂರು ಜನ ಇಲ್ಲಿ ಇಳಿದು ಇಲ್ಲಿನ ದೊಡ್ಡ ಕಂಪನಿಯ ವಿಮಾನ ಹತ್ತಿ ಮುಂದಕ್ಕೆ ಹೋಗುವವರು. ಒಂದೇ ಟಿಕೆಟ್, ಎರಡು ವಿಮಾನ. ಆ ನೂರು ಜನ ಇಲ್ಲದಿದ್ದರೆ ನಾವು ಖಾಲಿ ಕುರ್ಚಿಗಳನ್ನು ಹೊತ್ತುಕೊಂಡು ಸಮುದ್ರ ದಾಟಬೇಕು. ಇಲ್ಲಿಯವರೆಗೆ ಸರಿಯಾ?

ಹನ್ನೆರಡು ವರ್ಷ ಆ ದೊಡ್ಡ ಕಂಪನಿ ನಮ್ಮ ಜೊತೆ ಚೆನ್ನಾಗಿತ್ತು. ಆಮೇಲೆ ಅವರು ಹೋಗಿ ದೊಡ್ಡ ದೊಡ್ಡ ವಿಮಾನ ಕಂಪನಿಗಳ ಒಕ್ಕೂಟ ಸೇರಿಕೊಂಡರು. ಒಕ್ಕೂಟದಲ್ಲಿ ಈಗಾಗಲೇ ಇನ್ನೊಬ್ಬರು ಇದ್ದರು, ನಮ್ಮ ಊರಿಗೇ ಹಾರುವವರು, ನಡುವೆ ಮತ್ತೊಂದು ಊರಿನಲ್ಲಿ ಇಳಿಸಿ ಹತ್ತಿಸುವವರು. ಒಕ್ಕೂಟ ಸೇರಿದ ಮೇಲೆ ಮನೆಯವರನ್ನು ಬಿಟ್ಟು ಹೊರಗಿನವರಿಗೆ ಮೊದಲು ಬಡಿಸೋಕಾಗುತ್ತಾ? ಟಿಕೆಟ್ ಹುಡುಕುವವರ ಪರದೆಯಲ್ಲಿ ಅವರ ವಿಮಾನ ಮೊದಲ ಸಾಲಿಗೆ ಬಂತು, ನಮ್ಮದು ಎರಡನೇ ಪುಟಕ್ಕೆ ಹೋಯಿತು. ಎರಡನೇ ಪುಟವನ್ನು ಯಾರು ನೋಡುತ್ತಾರೆ, ನೀನು ನೋಡುತ್ತೀಯಾ? ನಾವೂ ಒಕ್ಕೂಟ ಸೇರೋಣ ಅಂತ ನಿಮ್ಮ ದೊಡ್ಡವರು ಅರ್ಜಿ ಹಾಕಿದರು. ಸೇರಬೇಕಾದರೆ ಒಳಗಿರುವವರೆಲ್ಲ ಒಪ್ಪಬೇಕು, ನಮ್ಮ ಊರಿಗೆ ಹಾರುವ ಆ ಮಹಾನುಭಾವರೂ ಒಪ್ಪಬೇಕು. ಅವರು ಯಾಕೆ ಒಪ್ಪುತ್ತಾರೆ, ಅವರಿಗೇನು ತಲೆ ಕೆಟ್ಟಿದೆಯಾ?

ಅಷ್ಟಾದರೂ ಹಾದಿ ಉಳಿದುಕೊಂಡಿತ್ತು. ಪೆಟ್ಟು ಬಿದ್ದದ್ದು ಕಟ್ಟಡದಿಂದ. ನವೆಂಬರಿನಲ್ಲಿ ಒಕ್ಕೂಟದವರೆಲ್ಲ ಒಂದೇ ಸೂರಿನಡಿ ಅಂತ ಹೊಸ ಕಟ್ಟಡಕ್ಕೆ ಹೋದರು. ಗಾಜು, ಗಿಡ, ಕಾಲಿಟ್ಟರೆ ಜಾರುವಂಥ ನೆಲ. ನಾವು ಹಳೇ ಕಟ್ಟಡದಲ್ಲೇ ಉಳಿದೆವು, ಸಾಮಾನು ಸಾಗಿಸುವವರ ಜೊತೆ ಮತ್ತು ನಮ್ಮಂಥ ಇನ್ನಾರು ಬಡಪಾಯಿಗಳ ಜೊತೆ. ನಡುವೆ ಬಸ್ಸು. ನಾವು ಇಳಿಯುವುದು ಬೆಳಿಗ್ಗೆ ಆರೂ ನಲವತ್ತಕ್ಕೆ. ಅವರ ಮುಂದಿನ ವಿಮಾನಗಳು ಏಳೂ ಐವತ್ತೈದರಿಂದ ಒಂದರ ಹಿಂದೆ ಒಂದು ಹಾರುತ್ತವೆ, ಅದು ತಪ್ಪಿದರೆ ಮಧ್ಯಾಹ್ನ ಒಂದು ಗಂಟೆಯವರೆಗೆ ಏನೂ ಇಲ್ಲ. ಇದ್ದದ್ದು ಎಪ್ಪತ್ತೈದು ನಿಮಿಷ. ಒಕ್ಕೂಟದವರು ಹೊರಗಿನವರಿಗೆಲ್ಲ ಒಂದೇ ಲೆಕ್ಕ ಅಂತ ಒಂದು ಕಟ್ಟಡದಿಂದ ಇನ್ನೊಂದಕ್ಕೆ ತೊಂಬತ್ತು ನಿಮಿಷ ಬೇಕು ಅಂತ ಬರೆದುಬಿಟ್ಟರು. ಈ ಮಾರ್ಚ್ ಕೊನೆಗೆ ಹೊಸ ವೇಳಾಪಟ್ಟಿ ಬರುತ್ತದೆ. ಅದರಲ್ಲಿ ತೊಂಬತ್ತು ಅಂತಿದ್ದರೆ ಕಂಪ್ಯೂಟರು ಆ ನೂರು ಜನರಿಗೆ ಟಿಕೆಟ್ಟೇ ಕೊಡುವುದಿಲ್ಲ. ಟಿಕೆಟ್ ಇಲ್ಲ ಅಂದರೆ ಹಾದಿ ಇಲ್ಲ.

ನೀನು ಸುಮ್ಮನೆ ಕೂರಲಿಲ್ಲ. ಇನ್ನೂ ಮುಂಚೆ ಇಳಿಯೋಣ ಅಂತ ನೋಡಿದೆ, ಆ ಹೊತ್ತಿಗೆ ಇಳಿಯುವ ಅವಕಾಶವನ್ನೆಲ್ಲ ಒಕ್ಕೂಟದವರೇ ಹಿಡಿದಿಟ್ಟುಕೊಂಡಿದ್ದರು. ಆಮೇಲೆ ಪತ್ರದ ಮೇಲೆ ಪತ್ರ ಬರೆದೆ. ನಾಲ್ಕು ತಿಂಗಳು ಊಟ ನಿದ್ದೆ ಬಿಟ್ಟು, ನಿಮ್ಮ ಮೇಲಿನವರ ಕೈಯಲ್ಲಿ ಬೈಸಿಕೊಂಡು, ಸುಮ್ಮನೆ ತೊಂಬತ್ತು ಅನ್ನಬೇಡಿ, ನಡೆದು ಅಳೆಯಿರಿ ಅಂತ ಪಟ್ಟು ಹಿಡಿದೆ. ಕೊನೆಗೆ ಒಪ್ಪಿದರು. ನಮ್ಮವರೊಬ್ಬರು, ಅವರ ಕಡೆಯವರೊಬ್ಬರು, ಎರಡು ಬೇರೆ ಬೇರೆ ದಿನ ವಿಮಾನದ ಬಾಗಿಲಿನಿಂದ ಬಾಗಿಲಿಗೆ ಗಡಿಯಾರ ಹಿಡಿದು ನಡೆಯುವುದು. ಎರಡು ಸಲದ ಸರಾಸರಿ ಎಪ್ಪತ್ತೈದರ ಒಳಗೆ ಬಂದರೆ ಹಾದಿ ಉಳಿಯಿತು. ಬಾರದಿದ್ದರೆ ಇಲ್ಲ. ಆ ಸುದ್ದಿ ಹೇಳೋಕೆ ಫೋನ್ ಮಾಡಿದಾಗ ನಿನ್ನ ದನಿ ಹೇಗಿತ್ತು ಅಂದರೆ, ಹತ್ತನೇ ತರಗತಿಯಲ್ಲಿ ಪಾಸಾದಾಗಲೂ ನೀನು ಹಾಗೆ ಕಿರುಚಿರಲಿಲ್ಲ. ಅಮ್ಮ, ನೀನೇ ನಡೀಬೇಕು, ನಿನ್ನಷ್ಟು ಬಿರುಸಾಗಿ ನಡೆಯೋರು ಈ ಕಂಪನಿಯಲ್ಲೇ ಇಲ್ಲ, ಅಂದೆ. ನನಗೆ ಎಷ್ಟು ಹೆಮ್ಮೆಯಾಯಿತು ಅಂತ ಆಗ ಹೇಳಲಿಲ್ಲ, ಈಗ ಹೇಳುತ್ತಿದ್ದೇನೆ.

ನೋಡು, ಇಷ್ಟು ಅರ್ಥವಾಗಿದೆ ನನಗೆ.

ಈಗ ಸೋಮವಾರದ ಕಥೆ. ಫೋನಿನಲ್ಲಿ ಎಂಬತ್ತಾರು ಅಂದ ಮೇಲೆ ನೀನು ಅರ್ಧಂಬರ್ಧ ಕೇಳಿಸಿಕೊಂಡೆ. ಉಳಿದದ್ದನ್ನು ಕೇಳುವ ತಾಳ್ಮೆ ನಿನಗೆಲ್ಲಿತ್ತು? ತಾಳ್ಮೆ ವಿಷಯದಲ್ಲಿ ನೀನು ಥೇಟ್ ನಿಮ್ಮಪ್ಪ, ದೇವರು ಅವರನ್ನು ಚೆನ್ನಾಗಿಟ್ಟಿರಲಿ.

ಅವರ ಕಡೆಯಿಂದ ಬಂದವನು ತೆಳ್ಳಗೆ, ಎತ್ತರ, ಕೊರಳಿಗೆ ಎರಡು ಗಡಿಯಾರ ನೇತುಹಾಕಿಕೊಂಡಿದ್ದ. ಒಂದು ನಿಂತುಹೋದರೆ ಇನ್ನೊಂದು ಇರಲಿ ಅಂತ. ನಾನು ಅವನಿಗೆ ಜೋಡಿಗಡಿಯಾರ ಅಂತ ಹೆಸರಿಟ್ಟೆ, ಮನಸ್ಸಿನಲ್ಲಿ. ಒಳ್ಳೆಯವನೇ. ಒಂದು ಹಾಳೆ ಕೈಗಿಟ್ಟು, ಮೊದಲು ನಿಯಮ ಓದಿ ಅಂದ. ಅದರಲ್ಲಿ ಇದ್ದದ್ದು ಏನು ಗೊತ್ತಾ: ದಾರಿಯ ಪರಿಚಯ ಇಲ್ಲದ ಸಾಮಾನ್ಯ ಪ್ರಯಾಣಿಕರು ನಡೆಯುವಂತೆ ನಡೆಯತಕ್ಕದ್ದು.

ಹದಿನಾಲ್ಕು ವರ್ಷ ಈ ಕಟ್ಟಡದಲ್ಲಿ ಕಾಲು ಸವೆಸಿದವಳು ನಾನು. ಕಣ್ಣು ಕಟ್ಟಿ ಬಿಟ್ಟರೂ ಬಾಗಿಲು ಹುಡುಕುತ್ತೇನೆ. ಆದರೂ ಸರಿ, ಹೊಸಬಳ ಹಾಗೆ ನಡೆಯೋಣ ಅಂತ ಹೊರಟೆ. ಪ್ರತಿ ಫಲಕದ ಮುಂದೆ ನಿಂತು ಓದಿದೆ. ಅಬ್ಬಾ, ನಾನು ಇಷ್ಟು ವರ್ಷ ಒಂದು ಫಲಕವನ್ನೂ ಓದಿರಲಿಲ್ಲ ಕಣೇ! ಮೆಟ್ಟಿಲ ಹತ್ತಿರದ ಬಾಣದ ಗುರುತು ನೇರ ಚಾವಣಿಗೆ ತೋರಿಸುತ್ತದೆ. ಅದು ಮೇಲಿನ ಮಹಡಿಗೋ, ಮುಂದಕ್ಕೋ, ಸ್ವರ್ಗಕ್ಕೋ ಯಾರಿಗೂ ತಿಳಿಯುವುದಿಲ್ಲ. ಇನ್ನೊಂದು ಕಡೆ ಹೊಸ ಕಟ್ಟಡಕ್ಕೆ ಬಸ್ಸು ಅಂತ ಬರೆದ ಫಲಕದ ಅರ್ಧವನ್ನು ಚಾಕೊಲೇಟು ಮಾರುವವರ ಅಂಗಡಿ ಮುಚ್ಚಿಬಿಟ್ಟಿದೆ. ಜನ ಹೋಗಿ ಚಾಕೊಲೇಟು ಕೊಂಡುಕೊಂಡು ಬರುತ್ತಾರೆ, ಬಸ್ಸು ಸಿಗುವುದಿಲ್ಲ.

ಬಸ್ಸಿನ ಬಾಗಿಲ ಹತ್ತಿರ ಒಬ್ಬಾಕೆ, ನನಗಿಂತ ಹತ್ತು ವರ್ಷ ದೊಡ್ಡವಳು, ಊರುಗೋಲು ಹಿಡಿದು ಎರಡು ಚೀಲ ಎಳೆಯುತ್ತಾ ನಿಂತಿದ್ದಳು. ನಮ್ಮ ವಿಮಾನದಲ್ಲೇ ಬಂದವಳು. ನನ್ನ ಎದೆಯ ಮೇಲೆ ಕಂಪನಿಯ ಬಿಲ್ಲೆ ನೋಡಿ, ಅಮ್ಮಾ ಇದು ಹೌದಾ ಬಸ್ಸು ಅಂತ ಕೇಳಿದಳು. ನಾನು ಹೌದು ಅಂದು ಹತ್ತಿಬಿಡಬಹುದಿತ್ತು. ಆದರೆ ಬಸ್ಸಿನ ಮೆಟ್ಟಿಲು ಮೊಣಕಾಲೆತ್ತರ. ಚೀಲ ಎತ್ತಿ ಕೊಟ್ಟು, ಆಕೆಯನ್ನು ಹತ್ತಿಸಿ, ಆ ಊರುಗೋಲು ಬಾಗಿಲಿಗೆ ಸಿಕ್ಕಿಕೊಂಡದ್ದನ್ನು ಬಿಡಿಸಿ ಕೆಳಗಿಳಿದು ಜೋಡಿಗಡಿಯಾರನನ್ನು ಕರೆಯುವಷ್ಟರಲ್ಲಿ ಡ್ರೈವರು ಬಾಗಿಲು ಹಾಕಿಕೊಂಡು ಹೋಗೇಬಿಟ್ಟ. ಆಕೆ ಕಿಟಕಿಯಿಂದ ಕೈ ಬೀಸಿದಳು. ಮುಂದಿನ ಬಸ್ಸಿಗೆ ಹನ್ನೆರಡು ನಿಮಿಷ. ಅಲ್ಲಿ ಹೋದರೆ ತಪಾಸಣೆಯ ಸಾಲು ಹನುಮಂತನ ಬಾಲ. ಕೊನೆಗೆ ಬಾಗಿಲು ಮುಟ್ಟಿದಾಗ ಜೋಡಿಗಡಿಯಾರ ಎರಡನ್ನೂ ನೋಡಿ ಎಂಬತ್ತಾರು ಅಂದ.

ಅವನೇ ಅಂದ, ಮೇಡಂ, ನೀವು ಆ ಹೆಂಗಸಿಗೆ ಸಹಾಯ ಮಾಡಿದ ಸಮಯವನ್ನು ಲೆಕ್ಕದಿಂದ ಕಳೆಯಬಹುದು ಅಂತ. ನಾನು ಬೇಡ ಅಂದೆ.

ಇದೇ ಜಾಗದಲ್ಲಿ ನೀನು ಫೋನಿನಲ್ಲಿ ಕಿರುಚಿದ್ದು. ಯಾಕಮ್ಮಾ ಬೇಡ ಅಂದೆ ಅಂತ. ಹೇಳುತ್ತೇನೆ, ತಡಿ. ಲಗೇಜು ಹುಡುಗಿ ಕರೆಯುತ್ತಿದ್ದಾಳೆ, ಯಾರೋ ಗಿಟಾರು ತಂದಿದ್ದಾರಂತೆ, ಅದಕ್ಕೂ ಸೀಟು ಬೇಕಂತೆ.

ಬಂದೆ. ಹನ್ನೆರಡೂ ನಲವತ್ತು. ಗಿಟಾರು ಹೊಟ್ಟೆಯಲ್ಲಿ ಹೋಗುತ್ತದೆ, ವಿಮಾನದ ಹೊಟ್ಟೆಯಲ್ಲಿ. ಅವನು ಮುಖ ಊದಿಸಿಕೊಂಡು ಕೂತಿದ್ದಾನೆ.

ನಿನಗೆ ಒಂದು ವಿಷಯ ನಾನು ಯಾವತ್ತೂ ಹೇಳಿಲ್ಲ. ಹದಿನಾಲ್ಕು ವರ್ಷದ ಹಿಂದೆ ಇಲ್ಲಿ ನಮ್ಮ ಕಂಪನಿಯ ನಿಲ್ದಾಣ ಶುರುವಾದಾಗಲೂ ಹೀಗೇ ಒಂದು ಅಳತೆ ನಡೆದಿತ್ತು. ಆಗ ಎಲ್ಲರೂ ಒಂದೇ ಕಟ್ಟಡದಲ್ಲಿ. ನಲವತ್ತೈದು ನಿಮಿಷದಲ್ಲಿ ಈ ತುದಿಯಿಂದ ಆ ತುದಿ ಮುಟ್ಟಬೇಕಿತ್ತು. ನಾನು ನಲವತ್ತೊಂದು ಅಂತ ಬರೆದುಕೊಟ್ಟೆ. ಅದು ಸುಳ್ಳಲ್ಲ, ಆದರೆ ನಾನು ನಡೆದಿರಲಿಲ್ಲ, ಎದ್ದೆನೋ ಬಿದ್ದೆನೋ ಅಂತ ಓಡಿದ್ದೆ. ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು! ನಿಮ್ಮಪ್ಪ ಹೋಗಿ ಒಂದು ವರ್ಷ ಆಗಿತ್ತು, ನೀನು ಹದಿನಾರು, ನಿನ್ನನ್ನು ಓದಿಸಬೇಕಿತ್ತು, ಈ ಹುದ್ದೆ ಬೇಕೇ ಬೇಕಿತ್ತು. ಆ ಓಟದ ಮೇಲೆ ಈ ಹಾದಿ ನಿಂತಿತು. ನಿನ್ನನ್ನು ಚಿಕ್ಕಮ್ಮನ ಮನೆಯಲ್ಲಿ ಬಿಟ್ಟು ಬಂದೆ. ಆಮೇಲೆ ಏನಾಯಿತು ಗೊತ್ತಾ? ಹದಿಮೂರು ವರ್ಷ ಪ್ರತಿ ವಿಮಾನಕ್ಕೂ ನಾನು ಪ್ರಯಾಣಿಕರ ಜೊತೆ ಓಡಿದೆ. ಬನ್ನಿ ಬನ್ನಿ, ಇತ್ತ ಕಡೆ, ಇನ್ನು ಸ್ವಲ್ಪವೇ, ಅಂತ ಮುಂದೆ ಮುಂದೆ. ಮಕ್ಕಳನ್ನು ಎತ್ತಿಕೊಂಡು ಓಡಿದ್ದೇನೆ, ಒಬ್ಬ ದಪ್ಪ ಮನುಷ್ಯನನ್ನು ಸಾಮಾನಿನ ಗಾಡಿಯಲ್ಲಿ ಕೂರಿಸಿ ತಳ್ಳಿದ್ದೇನೆ. ಹಾಳೆಯ ಮೇಲೆ ನಾನು ಬರೆದದ್ದನ್ನು ದಿನಾ ಬೆಳಿಗ್ಗೆ ನಿಜ ಮಾಡಿ ತೋರಿಸಬೇಕಿತ್ತಲ್ಲ.

ಆದರೆ ಬಸ್ಸನ್ನು ತಳ್ಳೋಕಾಗಲ್ಲ ಮಗಳೇ.

ನವೆಂಬರಿನಿಂದ ಇಲ್ಲಿಯವರೆಗೆ ಹಳೇ ಲೆಕ್ಕದಲ್ಲೇ ಟಿಕೆಟ್ ಮಾರುತ್ತಿದ್ದಾರೆ. ಪ್ರತಿ ವಿಮಾನದಲ್ಲೂ ಹತ್ತು, ಹನ್ನೆರಡು, ಒಮ್ಮೆ ಇಪ್ಪತ್ತಮೂರು ಜನರಿಗೆ ಮುಂದಿನದು ತಪ್ಪಿದೆ. ಅವರೆಲ್ಲ ಎಲ್ಲಿಗೆ ಬರುತ್ತಾರೆ? ಒಕ್ಕೂಟದವರ ಹತ್ತಿರ ಹೋದರೆ, ನಿಮ್ಮನ್ನು ತಡವಾಗಿ ತಂದವರನ್ನು ಕೇಳಿ ಅಂತಾರೆ. ವಾಪಸ್ಸು ಬಸ್ಸು ಹತ್ತಿ ನನ್ನ ಕೌಂಟರಿಗೆ ಬರುತ್ತಾರೆ. ಜನವರಿಯಲ್ಲಿ ಒಬ್ಬ ಬಂದಿದ್ದ, ಹಡಗಿನಲ್ಲಿ ಅಡುಗೆ ಮಾಡುವವನು. ಸಂಜೆ ನಾಲ್ಕಕ್ಕೆ ಮುಂದಿನ ಊರಿನ ಬಂದರಿನಿಂದ ಅವನ ಹಡಗು ಹೊರಡುವುದಿತ್ತು, ಎಂಟು ತಿಂಗಳ ಕೆಲಸ. ಮಧ್ಯಾಹ್ನದ ವಿಮಾನ ಹತ್ತಿದರೆ ಅವನು ಅಲ್ಲಿಗೆ ಮುಟ್ಟುವುದು ಸಂಜೆ ಆರಕ್ಕೆ. ಬೈಯಲಿಲ್ಲ, ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು. ನನ್ನ ಮುಂದಿನ ಕುರ್ಚಿಯಲ್ಲಿ ಕೂತು, ಆ ಹಡಗು ಮುಂದೆ ಯಾವ ಬಂದರಿನಲ್ಲಿ ನಿಲ್ಲುತ್ತದೆ ನೋಡಿ ಹೇಳ್ತೀರಾ ಮೇಡಂ ಅಂದ. ಇಬ್ಬರೂ ಹುಡುಕಿದೆವು. ಹತ್ತು ದಿನದ ಹಾದಿ, ನಡುವೆ ಎಲ್ಲೂ ನಿಲ್ಲುವುದಿಲ್ಲ. ಅವನನ್ನು ವಾಪಸ್ಸು ನಮ್ಮ ವಿಮಾನದಲ್ಲೇ ಹತ್ತಿಸಿ ಕಳಿಸಿದೆ. ಹೋಗುವಾಗ ನನಗೆ ಥ್ಯಾಂಕ್ಸ್ ಹೇಳಿದ. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಅದಕ್ಕೇ ಬೇಡ ಅಂದೆ. ಎಂಬತ್ತಾರು ನಿಮಿಷ ಹಿಡಿಯಿತು, ಎಂಬತ್ತಾರು ಅಂತ ಬರೆದೆ. ಊರುಗೋಲು ಹಿಡಿದ ಆಕೆಯೂ ಸಾಮಾನ್ಯ ಪ್ರಯಾಣಿಕಳೇ ತಾನೆ? ನಿಯಮದ ಹಾಳೆಯಲ್ಲಿ ಊರುಗೋಲು ಇಲ್ಲದವರು ಅಂತ ಇರಲಿಲ್ಲ.

ಇನ್ನು ಮಂಗಳವಾರ. ಎರಡನೇ ನಡಿಗೆ ಯಾಕೆ ಮಾಡಲಿಲ್ಲ ಅಂತ ನೀನು ಕೇಳಿದೆ. ಮೊಣಕಾಲು ಅಂತ ಆಗಲೇ ಹೇಳಿದೆ, ಮತ್ತೆ ಹೇಳುತ್ತೇನೆ. ಸೋಮವಾರ ಆ ಬಸ್ಸಿನ ಮೆಟ್ಟಿಲಿನಲ್ಲಿ ಏರಿ ಇಳಿದದ್ದಕ್ಕೋ ಏನೋ, ಬಲಗಾಲಿನ ಮೊಣಕಾಲು ಊದಿಕೊಂಡಿತು. ಬೆಳಿಗ್ಗೆ ಹಾಸಿಗೆಯಿಂದ ಇಳಿಯೋಕೆ ಗೋಡೆ ಹಿಡಿಯಬೇಕಾಯಿತು. ಬಿಸಿನೀರಿನ ಚೀಲ ಇಟ್ಟೆ, ಪಟ್ಟಿ ಸುತ್ತಿದೆ, ಮುಲಾಮು ಹಚ್ಚಿದೆ, ಆ ವಾಸನೆಗೆ ಲಗೇಜು ಹುಡುಗಿ ಇಡೀ ದಿನ ಕಿಟಕಿ ತೆಗೆದಿಟ್ಟುಕೊಂಡಳು. ಜೋಡಿಗಡಿಯಾರನಿಗೆ ಆಗಲ್ಲ ಅಂದೆ, ಅವನು ಸರಿ ಅಂದ. ಬೇರೆಯವರನ್ನು ಕಳಿಸಬಹುದಿತ್ತಲ್ಲ ಅಂದೆ ನೀನು. ಕಾಗದದಲ್ಲಿ ನನ್ನ ಹೆಸರು ಕೊಟ್ಟವಳು ನೀನೇ, ಮರೆತೆಯಾ? ಈಗ ಅವರ ಹತ್ತಿರ ಇರುವುದು ಒಂದೇ ಹಾಳೆ. ನಾಳೆ ಸಂಜೆ ಐದಕ್ಕೆ ಗಡುವು ಮುಗಿಯುತ್ತದೆ. ಒಂದೇ ಹಾಳೆಯಾದರೆ ಅದೇ ಲೆಕ್ಕ: ಎಂಬತ್ತಾರು. ಹಾದಿ ಮುಚ್ಚುತ್ತದೆ.

ಮುಚ್ಚಿದರೆ ಏನಾಗುತ್ತದೆ ಅಂತ ನಾನು ಯೋಚಿಸಿಲ್ಲ ಅಂದುಕೊಂಡಿದ್ದೀಯಾ? ಎರಡು ದೊಡ್ಡ ವಿಮಾನಗಳನ್ನು ಬೇರೆಯವರಿಗೆ ಬಾಡಿಗೆಗೆ ಕೊಡುತ್ತಾರೆ. ಪೈಲಟ್ಟುಗಳು ನಲವತ್ತು ನಿಮಿಷದ ಹಾರಾಟಕ್ಕೆ ವಾಪಸ್ಸು, ಹಾರಿದ ಕೂಡಲೇ ಇಳಿಯುವುದು. ಇಲ್ಲಿನ ಮೂವರಲ್ಲಿ ಇಬ್ಬರಿಗೆ ಹೊಸ ಕಟ್ಟಡದಲ್ಲಿ ಕೆಲಸ ಸಿಗುತ್ತದೆ, ಲಗೇಜು ಹುಡುಗಿಗೆ ಈಗಾಗಲೇ ಕರೆ ಬಂದಿದೆ, ನನಗೆ ಹೇಳೋಕೆ ಹೆದರಿಕೊಂಡಿದ್ದಾಳೆ. ನಿನ್ನ ಊರಿನ ಜನ ಇಲ್ಲಿಗೆ ಬರಬೇಕಾದರೆ ಒಕ್ಕೂಟದವರ ವಿಮಾನದಲ್ಲಿ ಸುತ್ತಿ ಬಳಸಿ ಹದಿನೆಂಟು ಗಂಟೆ ಬರುತ್ತಾರೆ. ಹೇಳಿದ ದರ ಕೊಡುತ್ತಾರೆ, ಬೇರೆ ಯಾರಿದ್ದಾರೆ ಕೇಳೋಕೆ? ಮುಚ್ಚುವ ಪ್ರಕಟಣೆ ಬರೆಯಬೇಕಾದವಳು ನೀನೇ. ನಾಲ್ಕು ತಿಂಗಳು ಹೋರಾಡಿದ್ದೆಲ್ಲ ನೀರಿನಲ್ಲಿ ಹೋಮ ಮಾಡಿದ ಹಾಗಾಯಿತು. ಅದಕ್ಕೆ ಕಾರಣ ನಿನ್ನ ಅಮ್ಮ. ಇದೆಲ್ಲ ನನಗೆ ಗೊತ್ತು. ನನಗೆ ಬೇಜಾರಿಲ್ಲ ಅಂದರೆ ಅದು ಸುಳ್ಳಾಗುತ್ತದೆ.

ನನ್ನ ಚಿಂತೆ ಮಾಡಬೇಡ. ಹಾದಿ ಮುಚ್ಚಿದರೆ ನನಗೆ ಅಲ್ಲೇ, ನಿನ್ನ ಊರಿನಲ್ಲೇ, ತರಬೇತಿ ವಿಭಾಗದಲ್ಲಿ ಒಂದು ಕುರ್ಚಿ ಅಂತ ಮುಖ್ಯ ಕಚೇರಿಯವರು ಬಾಯಿಮಾತಿನಲ್ಲಿ ಹೇಳಿದ್ದಾರೆ. ನಿವೃತ್ತಿಗೆ ಇನ್ನೂ ಮೂರು ವರ್ಷ, ಹೊಸ ಹುಡುಗಿಯರಿಗೆ ಕೌಂಟರಿನಲ್ಲಿ ನಗುವುದು ಹೇಗೆ ಅಂತ ಕಲಿಸಿಕೊಂಡು ಇರಬಹುದು. ಹಾಗಂತ ನಾನೇನು ಅದಕ್ಕೆ ಕಾದು ಕೂತಿರಲಿಲ್ಲ. ಎರಡು ವರ್ಷದ ಹಿಂದೆ ವಾಪಸ್ಸು ಕರೆಸಿಕೊಳ್ಳಿ ಅಂತ ಕೇಳಿದ್ದೆನಲ್ಲ, ಆಗ ನಿಮ್ಮ ಮೇಲಿನವರು, ಈ ನಿಲ್ದಾಣಕ್ಕೆ ಅನುಮತಿ ಇರುವುದು ನಿಮ್ಮ ಹೆಸರಿನಲ್ಲಿ, ನೀವು ಬಂದರೆ ಬಾಗಿಲು ಹಾಕಿದ ಹಾಗೆ ಅಂದರು. ನಿನಗೆ ಫೋನ್ ಮಾಡಿದೆ. ನೀನು, ಇನ್ನೊಂದು ವರ್ಷ ತಡ್ಕೋ ಅಮ್ಮ, ಹಾದಿ ಒಂದು ದಡ ಹತ್ತಲಿ ಅಂದೆ. ತಡೆದುಕೊಂಡೆ. ಅದರಲ್ಲೇನು, ನಿನ್ನ ಮೇಲೆ ನನಗೆ ಯಾವ ಕೋಪವೂ ಇಲ್ಲ. ಆರು ವಾರಕ್ಕೊಮ್ಮೆ ಸೀಟು ಖಾಲಿ ಇದ್ದರೆ ಬಂದು ಮೂರು ದಿನ ಇದ್ದು ಹೋಗುತ್ತೇನಲ್ಲ, ಬೇಕಾದಷ್ಟಾಯಿತು. ಕಳೆದ ಎರಡು ಸಲ ಸೀಟು ಖಾಲಿ ಇರಲಿಲ್ಲ, ಅದು ಯಾರ ತಪ್ಪೂ ಅಲ್ಲ.

ಗಂಟೆ ಒಂದೂ ಹತ್ತು, ಬಾಗಿಲು ತೆರೆಯಬೇಕು. ಸಾಲಿನಲ್ಲಿ ಆಗಲೇ ನಿಂತುಬಿಟ್ಟಿದ್ದಾರೆ, ಸೀಟಿನ ನಂಬರು ಇದ್ದರೂ ಯಾರೋ ಓಡಿಹೋಗಿ ಟವೆಲ್ ಹಾಕಿಬಿಡುತ್ತಾರೆ ಅನ್ನುವ ಹಾಗೆ. ಇಷ್ಟು ವರ್ಷವಾದರೂ ಇದು ನನಗೆ ಅರ್ಥವಾಗಿಲ್ಲ.

ಊಟ ಬಿಡಬೇಡ. ಮೇಜಿನ ಮೇಲೆ ತಲೆಯಿಟ್ಟು ಮಲಗಬೇಡ, ಕತ್ತು ಹಿಡಿದುಕೊಳ್ಳುತ್ತದೆ. ಚಿಕ್ಕಮ್ಮನಿಗೆ ಫೋನ್ ಮಾಡಿ ಅಮ್ಮ ಹೀಗೆ ಮಾಡಿದಳು ಅಂತ ನನ್ನ ಮೇಲೆ ಚಾಡಿ ಹೇಳಿದ್ದೀಯ, ಅದೂ ಗೊತ್ತಾಯಿತು. ಅವಳು ನಿನ್ನ ಪರ ಅಂತೆ. ಇರಲಿ. ನಿನ್ನನ್ನು ನೋಡಿಕೊಂಡವಳು ಅವಳೇ, ನಿನ್ನ ಪರ ಮಾತಾಡುವ ಹಕ್ಕು ಅವಳಿಗಿದೆ.

ಪ್ರೀತಿಯಿಂದ,
ಎಂಬತ್ತಾರು ನಿಮಿಷದ ನಿನ್ನ ಅಮ್ಮ

ಮತ್ತೆ: ಎಲ್ಲರೂ ಹತ್ತಿ ಆಯಿತು. ಪರ್ಸರ್ ಚೀಲಕ್ಕೆ ಕೈ ಚಾಚಿಕೊಂಡು ನಿಂತಿದ್ದಾನೆ, ಇನ್ನೆರಡೇ ನಿಮಿಷ ಅಂದಿದ್ದೇನೆ. ಮೊಣಕಾಲು ಸುಳ್ಳು. ಮಂಗಳವಾರ ಎರಡನೇ ಸಲವೂ ನಡೆದೆ. ಬಸ್ಸು ಬಾಗಿಲಲ್ಲೇ ನಿಂತಿತ್ತು, ತಪಾಸಣೆಯಲ್ಲಿ ನಾಲ್ಕೇ ಜನ, ಯಾರೂ ಏನೂ ಕೇಳಲಿಲ್ಲ. ಅರವತ್ತೆರಡು ನಿಮಿಷ. ಎರಡೂ ಸೇರಿಸಿ ಸರಾಸರಿ ಎಪ್ಪತ್ತನಾಲ್ಕು. ಅಂದರೆ ನೀನು ಗೆದ್ದಿದ್ದೆ. ಕಳಿಸಬೇಕಾದ ಜವಾಬ್ದಾರಿ ನಮ್ಮದು, ಹಾಗಾಗಿ ಜೋಡಿಗಡಿಯಾರ ಸಹಿ ಹಾಕಿ ಹಾಳೆಯನ್ನು ನನ್ನ ಕೈಗೆ ಕೊಟ್ಟು ಹೋದ, ನಾನು ಕಳಿಸಲಿಲ್ಲ. ಪ್ರಯಾಣಿಕರ ಬಗ್ಗೆ ಮೇಲೆ ಬರೆದದ್ದೆಲ್ಲ ನಿಜ, ಅಡುಗೆಯವನೂ ನಿಜ, ಆದರೆ ಈ ಹಾಳೆ ಮುಚ್ಚಿಟ್ಟದ್ದು ಅವರಿಗೋಸ್ಕರ ಅಲ್ಲ. ನನಗೆ ಮನೆಗೆ ಬರಬೇಕಿತ್ತು. ಬಾಯಿಬಿಟ್ಟು ಕೇಳಿದರೆ ನೀನು ಇನ್ನೊಂದು ವರ್ಷ ಅಂತೀಯ ಅಂತ ಹೆದರಿದೆ. ಹಾಳೆ ಈ ಲಕೋಟೆಯಲ್ಲೇ ಇದೆ, ಇಬ್ಬರ ಸಹಿಯೂ ಇದೆ. ಐದು ಗಂಟೆಯವರೆಗೆ ಅದು ನಿನ್ನದು. ಕಳಿಸಿದರೆ ಶನಿವಾರದ ವಿಮಾನಕ್ಕೆ ಎಂದಿನ ಹಾಗೆ ಬಾಗಿಲಲ್ಲಿ ನಿಂತಿರುತ್ತೇನೆ, ಒಂದು ಮಾತೂ ಆಡುವುದಿಲ್ಲ. ಏನೇ ಮಾಡಿದರೂ ಐದು ಗಂಟೆ ಆದ ಮೇಲೆ ಫೋನ್ ಮಾಡು. ಅದಕ್ಕೂ ಮೊದಲು ಮಾಡಬೇಡ. ಮಾಡಿದರೆ ನಾನು ಕಳಿಸಬೇಡ ಅಂತ ಅತ್ತುಬಿಡುತ್ತೇನೆ.